ಮೂಗಿನ ಒಳಪೊರಿಯಾಗ ಇರೋ ಕೆಮಿಕಲ್‌ಗಳು: ಅಂಗಡಿಗೆ ಬಂದವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಬಾಗಲಕೋಟಿ ಜಿಲ್ಲಾದಾಗ ಜಮಖಂಡಿ ಹತ್ರದ ಒಂದು ಊರಾಗ ನಂದು ಮೆಡಿಕಲ್ ಅಂಗಡಿ ಐತ್ರಿ. ಕಬ್ಬು ಕಡಿಯೋದು ಚಾಲೂ ಆದಾಗಿಂದ ಜ್ವಾಳದ ರಾಶಿ ಮುಗಿಯೋತನಕ ಕೌಂಟರ್ ಮುಂದ ಒಂದಾ ಮಾತು, "ನೆಗಡಿ ಗುಳಿಗಿ ಕೊಡ್ರಿ". ಆದ್ರ ಕೇಳಿ ನೋಡಿದ್ರ ಒಬ್ಬರಿಗೆ ಬರೇ ಸೀನು, ಇನ್ನೊಬ್ಬರಿಗೆ ಮೂಗ ಕಟ್ಟಿರತೈತಿ, ಮತ್ತೊಬ್ಬರಿಗೆ ನಳ ಬಿಟ್ಟಂಗ ನೀರು ಸುರಿತಿರತೈತಿ, ಈ ಮೂರೂ ಬ್ಯಾರೆ ಬ್ಯಾರೆ ಕೆಮಿಕಲ್‌ಗಳ ಕೆಲಸ, ಅದಕ್ಕ ಮೂರಕ್ಕೂ ಒಂದಾ ಗುಳಿಗಿ ನಡಿಯಂಗಿಲ್ಲ. ಗದ್ದಲದಾಗ ನಿಂತು ಇದನ್ನೆಲ್ಲಾ ಬಿಡಿಸಿ ಹೇಳಾಕ ಆಗಂಗಿಲ್ಲ, ಅದಕ್ಕ ಇಲ್ಲೆ ಬರದೀನಿ. ಬೆಳಗಾವಿ, ವಿಜಯಪುರ ಕಡೆಯವ್ರೂ ಫೋನ್ ಮಾಡಿ ಇದನ್ನಾ ಕೇಳತಾರ.

ಮೂಗನ್ಯಾಗ ಕೆಮಿಕಲ್ ಅಂದ್ರ ಏನ್ರಿ? ಧೂಳ, ಹೊಗಿ ಜೋಡಿ ಒಳಗ ಹೋಗಿದ್ದಾ?

ಅಲ್ರಿ, ನಿಮ್ಮ ಮೈನಾ ತಯಾರು ಮಾಡಿದ್ದು. ಮೂಗಿನ ಒಳಗ ತೆಳ್ಳಗ, ಕೆಂಪಗ, ಯಾವಾಗಲೂ ಹಸಿ ಇರೋ ಒಂದು ಪೊರಿ ಐತಿ. ಅದರಾಗ ಸುಂಬಳ ಮಾಡೋ ಗ್ರಂಥಿ, ಹಿಗ್ಗಿ ಕುಗ್ಗೋ ರಕ್ತನಾಳ, ನರದ ತುದಿ, ಕಾವಲು ಕಾಯೋ ಜೀವಕೋಶ ಎಲ್ಲಾ ಒತ್ತೊತ್ತಾಗಿ ಅದಾವ. ಇವೆಲ್ಲಾ ಒಂದಕ್ಕೊಂದು ಮಾತಾಡೋದು ಕೆಮಿಕಲ್ ಮುಖಾಂತರ. ಹಿಸ್ಟಮಿನ್, ಲ್ಯೂಕೋಟ್ರೈನ್, ಪ್ರೊಸ್ಟಾಗ್ಲಾಂಡಿನ್, ಅಸಿಟೈಲ್‌ಕೋಲಿನ್, ನಾರ್‌ಅಡ್ರಿನಲಿನ್, ನೈಟ್ರಿಕ್ ಆಕ್ಸೈಡ್ ಅಂತ ಹೆಸರು. ಹೆಸರು ಬಾಯಿಪಾಠ ಮಾಡೋದು ಬ್ಯಾಡ, ಯಾವುದು ಏನು ಮಾಡತೈತಿ ಅಂತ ತಿಳಕೊಂಡ್ರ ಸಾಕು.

ಸುಂಬಳದಾಗ ಏನೈತ್ರಿ? ಹೊಲಸು ಅಲ್ಲೇನು?

ಹೊಲಸು ಅಲ್ವೇ ಅಲ್ಲ, ಅದಿರದಿದ್ರ ನಾವು ಉಳಿಯೋದಾ ಕಷ್ಟ ಇತ್ತು. ಸುಂಬಳದಾಗ ಹೆಚ್ಚಿನ ಪಾಲು ನೀರಾ ಇರತೈತಿ, ಅದು ಅಂಟಂಟಾಗೋದು ಮ್ಯೂಸಿನ್ ಅನ್ನೋ ಪ್ರೋಟೀನ್‌ನಿಂದ. ಧೂಳ, ಬ್ಯಾಕ್ಟೀರಿಯಾ, ವೈರಸ್ ಅದಕ್ಕ ಅಂಟಕೋತಾವ, ಕೆಳಗ ಸಣ್ಣ ಸಣ್ಣ ಕೂದಲಿನಂಥಾ ಸಿಲಿಯಾ ಸೆಕೆಂಡಿಗೆ 10 ಸಲದ ಮ್ಯಾಲ ಬೀಸಿ ಅದನ್ನ ಗಂಟಲಕಡೆ ದೂಡತಾವ. ನಮಗ ಗೊತ್ತಾಗದಂಗನ ಅದನ್ನ ನುಂಗಿಬಿಡತೀವಿ, ಹೊಟ್ಟ್ಯಾಗಿನ ಆಮ್ಲ ಮುಂದಿನ ಕೆಲಸ ಮುಗಿಸತೈತಿ.

ಅದರಾಗ ಲೈಸೋಜೈಮ್ ಅಂತ ಒಂದೈತಿ, ಅದರ ಕಥಿ ಕೇಳ್ರಿ. ಪೆನಿಸಿಲಿನ್ ಕಂಡ್‌ಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಎಲ್ಲಾರಿಗೂ ಗೊತ್ತು, ಅದು 1928ರಾಗ. ಆದ್ರ ಅದಕ್ಕೂ ಮೊದಲ 1921ರಾಗ ಲಂಡನ್ನಿನ್ಯಾಗ ಅವರಿಗೆ ನೆಗಡಿ ಆಗಿತ್ತು, ತಮ್ಮ ಸುಂಬಳಾನ ಬ್ಯಾಕ್ಟೀರಿಯಾ ಬೆಳಸೋ ತಟ್ಟಿಗೆ ಹಾಕಿ ನೋಡಿದ್ರು, ಸುಂಬಳದ ಸುತ್ತ ಬ್ಯಾಕ್ಟೀರಿಯಾ ಕರಗಿ ಹೋಗಿದ್ವು. 1922ರಾಗ ಅದನ್ನ ಪ್ರಕಟ ಮಾಡಿ ಲೈಸೋಜೈಮ್ ಅಂತ ಹೆಸರಿಟ್ರು. ಇದು ಬ್ಯಾಕ್ಟೀರಿಯಾದ ಗ್ವಾಡಿನ ಒಡಿತೈತಿ. ಕಣ್ಣೀರಾಗೂ ಐತಿ, ಕೋಳಿ ತತ್ತಿ ಬಿಳಿ ಭಾಗದಾಗೂ ಐತಿ. ಇದರ ಜೋಡಿ ಲ್ಯಾಕ್ಟೋಫೆರಿನ್ ಐತಿ, ಅದು ಕಬ್ಬಿಣದ ಅಂಶಾನ ಹಿಡಕೊಂಡು ಬ್ಯಾಕ್ಟೀರಿಯಾಕ್ಕ ಸಿಗದಂಗ ಮಾಡತೈತಿ, ಅಂದ್ರ ಉಪವಾಸ ಕೆಡವತೈತಿ. ಐಜಿಎ ಅನ್ನೋ ಪ್ರತಿಕಾಯ ವೈರಸ್ಸನ್ನ ಬಾಗಲಾಗನ ತಡಿತೈತಿ.

ಸುಂಬಳ ಹಸಿರಾಗೈತಿ, ಆಂಟಿಬಯೋಟಿಕ್ ಕೊಡ್ರಿ ಅಂದ್ರ ನೀವ್ಯಾಕ ಕೊಡಂಗಿಲ್ಲ?

ಬೈಸಿಕೊಂಡ್ರೂ ನಾ ಕೊಡಂಗಿಲ್ಲ, ಕಾರಣ ಹೇಳತೀನಿ. ನೆಗಡಿ ಆದಾಗ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಮೂಗಿಗೆ ಓಡಿ ಬರತಾವ, ಅವುಗಳೊಳಗ ಮೈಲೋಪೆರಾಕ್ಸಿಡೇಸ್ ಅನ್ನೋ ಕಿಣ್ವ ಐತಿ, ಅದರ ಬಣ್ಣನಾ ಹಸಿರು. ಅಂದ್ರ ಹಸಿರು ಕಂಡ್ರ ನಿಮ್ಮ ಸೈನ್ಯ ಕೆಲಸ ಮಾಡಾಕತ್ತೈತಿ ಅಂತ ಅರ್ಥ, ಬ್ಯಾಕ್ಟೀರಿಯಾನಾ ಬಂದೈತಿ ಅಂತ ಅಲ್ಲ, ವೈರಸ್ ನೆಗಡಿಯಾಗೂ ಮೂರನೇ ನಾಲ್ಕನೇ ದಿನಕ್ಕ ಬಣ್ಣ ಬದಲಾಗೋದು ಸಹಜ. ವೈರಸ್‌ಗೆ ಆಂಟಿಬಯೋಟಿಕ್ ತಾಗಂಗಿಲ್ಲ. ಹತ್ತು ದಿನ ಆದ್ರೂ ಕಡಿಮಿ ಆಗವಲ್ದು, ಇಲ್ಲಾ ಒಮ್ಮೆ ಕಡಿಮಿ ಆಗಿ ತಿರುಗಿ ಜ್ವರ, ಮಾರಿ ನೋವು ಜೋರಾತು ಅಂದ್ರ ಡಾಕ್ಟರ ಕಡೆ ಹೋಗ್ರಿ, ಅವರು ಚೀಟಿ ಬರದ್ರ ನಾ ಕೊಡತೀನಿ.

ಜ್ವಾಳದ ರಾಶಿಗೆ ಹೋದ್ರ ಸಾಕು ಸೀನು ನಿಲ್ಲಂಗಿಲ್ಲ, ನಮ್ಮ ತಮ್ಮಗ ಏನೂ ಆಗಂಗಿಲ್ಲ. ಯಾಕ?

ಇದು ಹಿಸ್ಟಮಿನ್ ಆಟ. ಕೆಲವರ ಮೈ ಹೊಟ್ಟಿನ ಧೂಳಿಗೋ, ಕಾಂಗ್ರೆಸ್ ಗಿಡದ ಪರಾಗಕ್ಕೋ ಐಜಿಇ ಅನ್ನೋ ಪ್ರತಿಕಾಯ ತಯಾರು ಮಾಡಿ ಇಟ್ಟುಕೊಂಡಿರತೈತಿ. ಈ ಐಜಿಇ ಹೋಗಿ ಮಾಸ್ಟ್ ಸೆಲ್ ಅನ್ನೋ ಜೀವಕೋಶದ ಮ್ಯಾಲ ಕೂತಿರತೈತಿ. ಮಾಸ್ಟ್ ಸೆಲ್ ಅಂದ್ರ ಹಿಸ್ಟಮಿನ್ ತುಂಬಿದ ಚೀಲ ಅಂತ ತಿಳೀರಿ. ಮುಂದಿನ ಸಲ ಅದಾ ಧೂಳ ಬಂದು ತಾಗಿದ ಕೂಡ್ಲೆ ಚೀಲ ಒಡಿತೈತಿ, ಕೆಲವಾ ನಿಮಿಷದಾಗ ಹಿಸ್ಟಮಿನ್ ನರಕ್ಕ ತಾಗಿ ಕಡಿತ, ಸೀನು, ಗ್ರಂಥಿ ಚಾಲೂ ಆಗಿ ನೀರು, ಕಣ್ಣೂ ಕೆಂಪು. ನಿಮ್ಮ ತಮ್ಮನ ಮೈ ಆ ಧೂಳಿಗೆ ಐಜಿಇ ಮಾಡಿಲ್ಲ, ಅಷ್ಟ ಫರಕ್ಕು. ಅವನ ಮೂಗ ಗಟ್ಟಿ, ನಿಮ್ಮದು ನಾಜೂಕು ಅನ್ನೋ ಮಾತಲ್ಲ ಇದು.

ಬೆಳಗಾವಿ ಕಡೆ ಮಳಿ ಹೆಚ್ಚು, ಅಲ್ಲೆ ಗ್ವಾಡಿ ಬೂಸ್ಟು ಮತ್ತ ಹಾಸಿಗ್ಯಾಗಿನ ಡಸ್ಟ್ ಮೈಟ್ ಅನ್ನೋ ಕಣ್ಣಿಗೆ ಕಾಣದ ಹುಳದಿಂದ ಇದಾ ತ್ರಾಸು. ರಬಕವಿ ಬನಹಟ್ಟಿ ಮಗ್ಗದ ಮನ್ಯಾಗ ಹತ್ತಿ ಧೂಳಿನ್ಯಾಗ ಕೆಲಸ ಮಾಡೋರಿಗೆ ಇರೋದು ಎಲ್ಲಾನೂ ಅಲರ್ಜಿ ಅಲ್ಲ, ಬರೇ ಧೂಳಿನ ಕೆರೆತಕ್ಕೂ ಮೂಗಿನ ನರ ಸಿಡಿಮಿಡಿ ಆಗತಾವ, ಅದಕ್ಕ ಅವರಿಗೆ ಅಲರ್ಜಿ ಗುಳಿಗಿ ಅಷ್ಟು ತಾಗಂಗಿಲ್ಲ. ಮಾರಿಗೆ ಮಾಸ್ಕ್ ಇಲ್ಲಾ ಒದ್ದಿ ಟಾವೆಲ್ ಕಟ್ಟಿಕೊಳ್ಳೋದು ಇಬ್ಬರಿಗೂ ಒಳ್ಳೇದು, ಮಾಸ್ಕಾದ್ರ ಇನ್ನೂ ಚಲೋ.

ಸೆಟ್ರಿಜಿನ್ ತೊಗೊಂಡ್ರ ಸೀನು ನಿಲ್ಲತಾವ, ಮೂಗ ಮಾತ್ರ ಬಿಡವಲ್ದು. ಗುಳಿಗಿ ಡೂಪ್ಲಿಕೇಟ್ ಏನು?

ಇಲ್ರಿ, ಗುಳಿಗಿ ಸರಿನಾ ಐತಿ. ಸೆಟ್ರಿಜಿನ್ ಹಿಸ್ಟಮಿನ್ ಕೂಡ್ರೋ ಕುರ್ಚಿ ಮ್ಯಾಲ ತಾ ಕೂತುಬಿಡತೈತಿ, ಅದಕ್ಕ ಕಡಿತ, ಸೀನು, ನೀರು ಕಡಿಮಿ ಆಗತಾವ. ಆದ್ರ ಮೂಗ ಕಟ್ಟೋದು ಅಂದ್ರ ರಕ್ತನಾಳ ಹಿಗ್ಗಿ ಪೊರಿ ಬಾತುಕೊಳ್ಳೋದು, ಅದರಾಗ ಲ್ಯೂಕೋಟ್ರೈನ್, ಪ್ರೊಸ್ಟಾಗ್ಲಾಂಡಿನ್‌ಗಳದು ದೊಡ್ಡ ಪಾಲು. ಮುಂಜಾನೆ ಧೂಳಿಗೆ ಹೋಗಿ ಬಂದವರಿಗೆ ನಾಲ್ಕರಿಂದ ಎಂಟು ತಾಸು ಬಿಟ್ಟು, ಸಂಜಿಗೆ ಇಲ್ಲಾ ರಾತ್ರಿ ಮಲಗೋ ಹೊತ್ತಿಗೆ ಮೂಗ ಕಟ್ಟತೈತಲ್ಲ, ಅದು ಎರಡನೇ ಅಲಿ. ಆವಾಗ ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಬಂದು ಸೇರಿರತಾವ.

ಈ ಎರಡನೇ ಅಲಿಗೆ ಚಲೋ ಕೆಲಸ ಮಾಡೋದು ಸ್ಟಿರಾಯ್ಡ್ ಸ್ಪ್ರೇ, ಫ್ಲುಟಿಕಾಸೋನ್, ಮೊಮೆಟಾಸೋನ್ ಅಂತ ಬರತಾವ. ಸ್ಟಿರಾಯ್ಡ್ ಅಂದ ಕೂಡ್ಲೆ ಮಂದಿ ಹೆದರತಾರ, ಆದ್ರ ಇದು ಮೂಗಿನ ಪೊರಿಗಷ್ಟ ಹೋಗೋ ಸಣ್ಣ ಡೋಸು, ಗುಳಿಗಿ ಸ್ಟಿರಾಯ್ಡಿಗೂ ಇದಕ್ಕೂ ಭಾಳ ಅಂತರ ಐತಿ. ಒಂದಾ ಕಂಡೀಷನ್ ಅಂದ್ರ ದಿನಾ ಹೊಡೀಬೇಕು, ಪೂರ್ತಿ ಗುಣ ಕಾಣಾಕ ಒಂದೆರಡು ವಾರ ಹಿಡಿತೈತಿ. ಎರಡು ದಿನ ಹೊಡದು "ಏನೂ ಆಗಲಿಲ್ಲ" ಅಂತ ಕಟ್ಟಿ ಮ್ಯಾಲ ಇಟ್ಟವರು ಭಾಳ ಮಂದಿ ಅದಾರ. ಹೊಡಿಯೋ ಮುಂದ ಸ್ಪ್ರೇದ ಮೂತಿ ನಡುವಿನ ಗ್ವಾಡಿ ಕಡೆ ಬ್ಯಾಡ, ಅದಾ ಬದಿಯ ಕಿವಿ ಕಡೆ ಇರಲಿ, ಇಲ್ಲಾಂದ್ರ ನಡುವಿನ ಗ್ವಾಡಿ ಕೆರದು ರಕ್ತ ಬರತೈತಿ.

ಲ್ಯೂಕೋಟ್ರೈನ್ ತಡಿಯೋ ಮೊಂಟೆಲುಕಾಸ್ಟ್ ಗುಳಿಗಿನೂ ಐತಿ. ಅದನ್ನ ಡಾಕ್ಟರ ಹೇಳಿದ್ರಷ್ಟ ತೊಗೋರಿ. ಕೆಲವರಿಗೆ ಮನಸ್ಸಿನ ಮ್ಯಾಲ ಪರಿಣಾಮ ಆಗತೈತಿ, ಕೆಟ್ಟ ಕನಸು, ಸಿಟ್ಟು, ಬ್ಯಾಸರ. ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಾಗ ಇದಕ್ಕ ಎಲ್ಲಕ್ಕಿಂತ ಗಟ್ಟಿ ಎಚ್ಚರಿಕಿ ಹಚ್ಚೈತಿ. ಮಕ್ಕಳಿಗೆ ಕೊಟ್ಟಾಗ ಅವರ ಸ್ವಭಾವ ಬದಲಾತು ಅನ್ನಿಸಿದ್ರ ಸುಮ್ಮ ಕೂಡ್ರಬ್ಯಾಡ್ರಿ.

ಕೆಲವು ನೆಗಡಿ ಗುಳಿಗಿ ತೊಗೊಂಡ್ರ ಭಾಳ ನಿದ್ದಿ ಬರತೈತಲ್ಲ?

ಹಳೇ ಕಾಲದ ಅಲರ್ಜಿ ಔಷಧ ಕ್ಲೋರ್‌ಫೆನಿರಮಿನ್ ಮಿದುಳಿನ ಒಳಗೂ ಹೋಗತೈತಿ, ಅಲ್ಲೆ ಹಿಸ್ಟಮಿನ್ ಕೆಲಸನಾ ನಮ್ಮನ್ನ ಎಚ್ಚರ ಇಡೋದು, ಅದನ್ನ ತಡದ್ರ ಕಣ್ಣು ಎಳಿತಾವ. ಹೊಸವು ಅಷ್ಟು ಒಳಗ ಹೋಗಂಗಿಲ್ಲ, ಆದ್ರ ಸೆಟ್ರಿಜಿನ್‌ನಿಂದನೂ ಕೆಲವರಿಗೆ ಮಂಪರು ಬರತೈತಿ. ಕಬ್ಬಿನ ಟ್ರ್ಯಾಕ್ಟರ್ ಹೊಡಿಯೋ ಹುಡುಗರಿಗೆ ಇದನ್ನ ನಾ ಒತ್ತಿ ಹೇಳತೀನಿ, ರಾತ್ರಿ ಎರಡು ಟ್ರೇಲಿ ಕಟಗೊಂಡು ಫ್ಯಾಕ್ಟರಿಗೆ ಹೋಗೋರು ಅವರು.

ಮೂಗಿಗೆ ಹಾಕೋ ಡ್ರಾಪ್ಸ್ ಎರಡು ನಿಮಿಷದಾಗ ಮೂಗ ಬಿಡಸತೈತಿ, ಅದನ್ನಾ ದಿನಾ ಹಾಕಿದ್ರ ಏನಾಗತೈತಿ?

ಈ ಪುಟ ಬರಿಯಾಕ ಮುಖ್ಯ ಕಾರಣ ಈ ಪ್ರಶ್ನಿ. ಝೈಲೋಮೆಟಾಝೋಲಿನ್, ಆಕ್ಸಿಮೆಟಾಝೋಲಿನ್ ಅಂತ ಬರೋ ಡ್ರಾಪ್ಸು ನಮ್ಮ ಮೈಯಾಗಿನ ನಾರ್‌ಅಡ್ರಿನಲಿನ್‌ದ ನಕಲು. ನಾರ್‌ಅಡ್ರಿನಲಿನ್ ರಕ್ತನಾಳಕ್ಕ "ಬಿಗಿಯಾಗು" ಅಂತ ಹೇಳೋ ಕೆಮಿಕಲ್. ಡ್ರಾಪ್ಸ್ ಬಿದ್ದ ಕೂಡ್ಲೆ ನಾಳ ಬಿಗಿ ಆಗಿ ಪೊರಿ ಇಳಿತೈತಿ, ಗಾಳಿ ಸುರ್ರ್ ಅಂತ ಹೋಗತೈತಿ, ಆ ಸುಖ ನಾ ಅಲ್ಲ ಅನ್ನಂಗಿಲ್ಲ. ಆದ್ರ ಐದಾರು ದಿನ ದಾಟಿದ ಮ್ಯಾಲ ನಾಳ ಆ ಮಾತು ಕೇಳೋದು ಕಡಿಮಿ ಮಾಡತಾವ, ಡ್ರಾಪ್ಸಿನ ಜೋರು ಇಳದ ಕೂಡ್ಲೆ ಮೊದಲಿಗಿಂತ ಹೆಚ್ಚು ಬಾಯತಾವ, ಆವಾಗ ಮನಷ್ಯಾ ಮತ್ತ ಎರಡು ಹನಿ ಹಾಕತಾನ, ಮತ್ತ ಬಾಯತೈತಿ, ಮತ್ತ ಹಾಕತಾನ.

ನಮ್ಮ ಸೋದರಮಾವ ಮೂರು ವರ್ಷ ಹಿಂಗ ಹಾಕಿದ್ರು. ಅಂಗಿ ಕಿಸೆದಾಗ ಒಂದು, ತಲಿದಿಂಬಿನ ಕೆಳಗ ಒಂದು, ಟ್ರ್ಯಾಕ್ಟರ್ ಪೆಟ್ಟಿಗ್ಯಾಗ ಒಂದು. ಲಗ್ನಕ್ಕ ಹೋದಾಗ ಬಾಟ್ಲಿ ಮರತು ಬಂದಾರಂತ ರಾತ್ರಿ ಹನ್ನೊಂದಕ್ಕ ಗಾಡಿ ತಿರುಗಿಸಿಕೊಂಡು ಮನಿಗೆ ಬಂದಿದ್ರು. ನಾನಾ ಅಂಗಡಿ ಇಟ್ಟು ಅವರಿಗೆ ಮೊದಲ ಹೇಳಲಿಲ್ಲ ಅನ್ನೋದು ಇವತ್ತಿಗೂ ನನಗ ಕೊರಿತೈತಿ. ಕಡೀಗೆ ಕಿವಿ ಮೂಗು ಗಂಟಲಿನ ಡಾಕ್ಟರ ಕಡೆ ಕರಕೊಂಡು ಹೋದ್ವಿ, ಅವರು ಸ್ಟಿರಾಯ್ಡ್ ಸ್ಪ್ರೇ ಚಾಲೂ ಮಾಡಿಸಿ, ಡ್ರಾಪ್ಸನ್ನ ಮೊದಲ ಒಂದು ಹೊಳ್ಳಿಗೆ ಅಷ್ಟ ಬಿಡಿಸಿ, ಅದು ಸುಧಾರಿಸಿದ ಮ್ಯಾಲ ಇನ್ನೊಂದಕ್ಕ ಬಿಡಿಸಿದ್ರು. ಮೊದಲಿನ ವಾರ ಮಾವ ಕುರ್ಚಿ ಮ್ಯಾಲ ಕೂತಾ ಮಲಗಿದ್ರು, ಮೂರನೇ ವಾರಕ್ಕ ಬಿಟ್ಟಿದ್ರು.

ಅದಕ್ಕ ನಮ್ಮ ಅಂಗಡ್ಯಾಗ ಡ್ರಾಪ್ಸ್ ಕೊಡೋ ಮುಂದ ಬಾಟ್ಲಿ ಮ್ಯಾಲ ಪೆನ್ನಿಲೆ "5 ದಿನ" ಅಂತ ಬರದಾ ಕೊಡತೀನಿ. ದೊಡ್ಡವರ ಡ್ರಾಪ್ಸ್ ಕೂಸಿಗೆ ಹಾಕಲೇಬ್ಯಾಡ್ರಿ, ಸಣ್ಣ ಮಕ್ಕಳಿಗೆ ಮೈಗೆ ಏರಿ ಉಸಿರಾಟ, ಎದಿಬಡಿತ ನಿಧಾನ ಆಗೋದೂ ಐತಿ. ಬಿಪಿ, ಹಾರ್ಟ್ ತ್ರಾಸು ಇದ್ದವ್ರು ಕೇಳಿ ಹಾಕ್ರಿ.

ಹಂಗಾರ ಗುಳಿಗ್ಯಾಗ ಬರೋ ಮೂಗ ಬಿಡಿಸೋ ಔಷಧ ತೊಗೋಬಹುದಲ್ಲ?

ನೆಗಡಿ ಗುಳಿಗಿ ಪಾಕೀಟಿನ ಹಿಂದ ಓದ್ರಿ, ಫಿನೈಲೆಫ್ರಿನ್ ಅಂತ ಇರತೈತಿ. ಬಾಯಿಲೆ ತೊಗೊಂಡ್ರ ಕರಳು, ಲಿವರ್ ದಾಟೋದ್ರಾಗ ಅದರ ಹೆಚ್ಚಿನ ಪಾಲು ಒಡದು ಹೋಗತೈತಿ, ಮೂಗಿನತನಕ ಬರೋದು ಸ್ವಲ್ಪಾ. ಎಫ್‌ಡಿಎ ಸಲಹಾ ಸಮಿತಿ 2023ರಾಗ ಈ ಗುಳಿಗಿ ಮೂಗ ಕಟ್ಟಿದ್ದಕ್ಕ ಕೆಲಸ ಮಾಡಂಗಿಲ್ಲ ಅಂತ ಒಮ್ಮತದಿಂದ ಹೇಳೇತಿ. ನಮ್ಮ ದೇಶದಾಗೂ ಅದಾ ವರ್ಷ ಡಿಸೆಂಬರ್‌ದಾಗ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಕೂಡಿಸಿದ ಔಷಧ 4 ವರ್ಷದ ಒಳಗಿನ ಮಕ್ಕಳಿಗೆ ಬ್ಯಾಡ ಅಂತ ಲೇಬಲ್ ಮ್ಯಾಲ ಹಾಕಬೇಕು ಅಂತ ಆದೇಶ ಆಗೈತಿ. ತಾಯಂದಿರಾ, ಇದನ್ನ ನೆನಪಿಡ್ರಿ.

ರಂಜಕ ಹಚ್ಚಿಕೊಂಡು ರೊಟ್ಟಿ ತಿಂದ್ರ ಮೂಗ ಸುರಿತೈತಿ, ಇದೂ ಅಲರ್ಜಿನಾ?

ಅಲ್ರಿ! ಮೆಣಸಿನಕಾಯ್ಯಾಗಿನ ಕ್ಯಾಪ್ಸೈಸಿನ್ ನರದ ತುದಿಯಾಗಿನ ಟಿಆರ್‌ಪಿವಿ1 ಅನ್ನೋ ಬಾಗಲಾ ತಗಿತೈತಿ, ಅದು ಸುಡೋ ಬಿಸಿಗೆ ತಗಿಯೋ ಬಾಗಲಾ, ಅದಕ್ಕಾ ಖಾರ ತಿಂದ್ರ ಸುಟ್ಟಂಗ ಆಗತೈತಿ. ಡೇವಿಡ್ ಜೂಲಿಯಸ್ ಇದನ್ನ 1997ರಾಗ ಪತ್ತೆ ಮಾಡಿದ್ರು, 2021ರಾಗ ನೊಬೆಲ್ ಬಂತು. ನರ ಕೆರಳಿದ ಕೂಡ್ಲೆ ಮಿದುಳು ಅಸಿಟೈಲ್‌ಕೋಲಿನ್ ಮುಖಾಂತರ ಮೂಗಿನ ಗ್ರಂಥಿಗೆ "ನೀರು ಬಿಡು" ಅಂತ ಹೇಳತೈತಿ. ಇದರಾಗ ಹಿಸ್ಟಮಿನ್ ಸಂಬಂಧ ಇಲ್ಲ, ಅದಕ್ಕ ಸೆಟ್ರಿಜಿನ್ ನುಂಗಿ ಊಟಕ್ಕ ಕೂತ್ರೂ ಮೂಗ ಸುರಿಯೋದಾ.

ಖಾರ ಕುಟ್ಟೋ ಗಿರಣ್ಯಾಗ ಕೆಲಸ ಮಾಡೋರ ಮಾತು ಬ್ಯಾರೆ. ಅಲ್ಲೆ ಪುಡಿ ಸೀದಾ ಮೂಗಿನ ಪೊರಿಗೆ ತಾಗತೈತಿ, ನರದ ತುದಿ ಸಬ್‌ಸ್ಟನ್ಸ್ ಪಿ ಅನ್ನೋ ಕೆಮಿಕಲ್ ಉಗಳತಾವ, ನಾಳ ಹಿಗ್ಗತಾವ, ಸೀನು, ಉರಿ. ದಿನಾ ಅಲ್ಲೇ ಇರೋರಿಗೆ ಬರಬರತಾ ಇದು ಕಡಿಮಿ ಆಗತೈತಿ, ಯಾಕಂದ್ರ ನರ ಆ ಕ್ಯಾಪ್ಸೈಸಿನ್‌ಗೆ ಸ್ಪಂದಿಸೋದಾ ಬಿಡತಾವ. ಇದಾ ಗುಣ ಹಿಡಕೊಂಡು, ಅಲರ್ಜಿ ಇಲ್ಲದಾ ಸುಮ್ಮ ಸುರಿಯೋ ಮೂಗಿಗೆ ಡಾಕ್ಟರ್‌ಗಳು ಕ್ಯಾಪ್ಸೈಸಿನ್ ಸ್ಪ್ರೇನೂ ಉಪಯೋಗ ಮಾಡತಾರ. ಮನ್ಯಾಗ ಖಾರಪುಡಿ ಹಾಕಿ ನೋಡಾಕ ಹೋಗಬ್ಯಾಡ್ರಿ ಮತ್ತ.

ನೀಲಗಿರಿ ಎಣ್ಣಿ, ಪುದೀನ ಹೂವು, ಮುಲಾಮು ಹಚ್ಚಿದ್ರ ಮೂಗ ಬಿಟ್ಟಂಗ ಆಗತೈತಿ, ಖರೇನು?

ಬಿಟ್ಟಂಗ ಅನ್ನಿಸತೈತಿ ಅಷ್ಟ. ಮೆಂಥಾಲ್, ಅಂದ್ರ ಪುದೀನ ಹೂವು, ತಂಪು ಗುರುತಿಸೋ ನರದ ಬಾಗಲಾ ತಟ್ಟತೈತಿ, ಮಿದುಳಿಗೆ ತಣ್ಣನ ಗಾಳಿ ಒಳಗ ಬರಾಕತ್ತೈತಿ ಅಂತ ಸುದ್ದಿ ಹೋಗತೈತಿ, ಅಳದು ನೋಡಿದ್ರ ಗಾಳಿ ಮೊದಲಿನಷ್ಟಾ ಇರತೈತಿ. ನಿದ್ದಿ ಬರಾಕ ಅನುಕೂಲ ಆದ್ರ ದೊಡ್ಡವರು ಹಚ್ಚಿಕೊಳ್ರಿ. ಎರಡು ವರ್ಷದ ಒಳಗಿನ ಕೂಸಿನ ಮೂಗಿನ ಹತ್ರ ತರಬ್ಯಾಡ್ರಿ.

ಒಂದು ಹೊಳ್ಳಿ ಕಟ್ಟತೈತಿ, ಸ್ವಲ್ಪ ಹೊತ್ತಿಗೆ ಇನ್ನೊಂದು. ರೋಗ ಏನು?

ಅಲ್ಲ. ಮೂಗಿನ ಎರಡೂ ಬದಿ ಪಾಳಿ ಮ್ಯಾಲ ಕೆಲಸ ಮಾಡತಾವ, ಕೆಲವು ತಾಸಿಗೊಮ್ಮೆ ಬದಲು. ನರದಿಂದ ಬರೋ ನಾರ್‌ಅಡ್ರಿನಲಿನ್ ಒಂದು ಬದಿಗೆ ಹೆಚ್ಚು, ಇನ್ನೊಂದಕ್ಕ ಕಡಿಮಿ. ಯೋಗದವರು ಇಡಾ ಪಿಂಗಳಾ ಅಂತ ಭಾಳ ಹಿಂದ ಗಮನಿಸ್ಯಾರ, ವೈದ್ಯಶಾಸ್ತ್ರದಾಗ 1895ರಾಗ ಜರ್ಮನಿಯ ಕೈಸರ್ ಅನ್ನೋರು ಬರದ್ರು. ಆದ್ರ ಯಾವಾಗಲೂ ಒಂದಾ ಬದಿ ಕಟ್ಟಿದ್ರ ತೋರಿಸ್ರಿ.

ಭ್ರಾಮರಿ (ಬಾಯಿ ಮುಚ್ಚಿ ಗುಂಯ್‌ಗುಟ್ಟೋ ಪ್ರಾಣಾಯಾಮ) ಮಾಡಿದ್ರ ಸೈನಸ್‌ಗೆ ಒಳ್ಳೇದಂತ, ಇದಕ್ಕ ಏನಾದ್ರೂ ಆಧಾರ ಐತೇನು?

ಐತಿ, ಇದು ನನಗ ಭಾಳ ಸೇರೋ ವಿಷಯ. ಮೂಗಿನ ಸುತ್ತ ಎಲುಬಿನೊಳಗ ಟೊಳ್ಳು ಕ್ವಾಣಿಗಳದಾವಲ್ಲ, ಸೈನಸ್ ಅಂತೀವಿ, ಅವುಗಳ ಪೊರಿ ದಿನವಿಡೀ ನೈಟ್ರಿಕ್ ಆಕ್ಸೈಡ್ ಅನ್ನೋ ಗಾಳಿ ತಯಾರು ಮಾಡತೈತಿ. 1995ರಾಗ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತ ಅವರ ಜೋಡಿದಾರರು ಇದನ್ನ ತೋರಿಸಿದ್ರು. ಈ ಗಾಳಿ ಸೂಕ್ಷ್ಮಜೀವಿ ಬೆಳಿಯೋದನ್ನ ತಡಿತೈತಿ, ಸಿಲಿಯಾ ಜೋರು ಬೀಸೋಹಂಗ ಮಾಡತೈತಿ, ಉಸಿರಿನ ಜೋಡಿ ಪುಪ್ಪುಸಕ್ಕ ಇಳದು ಅಲ್ಲಿನ ರಕ್ತನಾಳ ಹಿಗ್ಗಸತೈತಿ. ಬಾಯಿಲೆ ಉಸಿರಾಡಿದ್ರ ಇದು ಸಿಗಂಗಿಲ್ಲ. ಇದಾ ಗಾಳಿ ಸಿಲಿಂಡರ್‌ದಾಗ ತುಂಬಿ, ಪುಪ್ಪುಸದ ರಕ್ತದ ಒತ್ತಡ ಹೆಚ್ಚಾಗಿ ನೀಲಿಗಟ್ಟಿದ ಹಸಗೂಸಿಗೆ ಐಸಿಯುದಾಗ ಕೊಡತಾರ.

2002ರಾಗ ಅದಾ ಸ್ವೀಡನ್ನಿನವ್ರು ಅಳದ್ರು, ಬಾಯಿ ಮುಚ್ಚಿ ಹುಂ ಅಂತ ಗುಂಯ್‌ಗುಟ್ಟಿದ್ರ ಮೂಗಿನಿಂದ ಹೊರಬರೋ ನೈಟ್ರಿಕ್ ಆಕ್ಸೈಡ್ ಸುಮ್ಮ ಉಸಿರು ಬಿಟ್ಟಾಗಿಗಿಂತ 15 ಪಟ್ಟು ಹೆಚ್ಚಾತು. ಸ್ವರದ ನಡಗಕ್ಕ ಕ್ವಾಣಿಯೊಳಗಿನ ಗಾಳಿ ಹೊರಗ ಬರತೈತಿ. ಸೈನಸ್ ಬಾಗಲಾ ಮುಚ್ಚಿದ್ರ ಈ ಏರಿಕಿ ಕಾಣಂಗಿಲ್ಲ. ಇದರ ಮ್ಯಾಲ ಭ್ರಾಮರಿ ಮಾಡಿದ್ರ ಸೈನಸ್ ಗುಣ ಆಗತೈತಿ ಅಂತ ನಾ ಹೇಳಂಗಿಲ್ಲ, ಅದು ಬ್ಯಾರೆ ಮಾತು. ಮಾಡ್ರಿ, ಖರ್ಚಿಲ್ಲ, ಆದ್ರ ಔಷಧ ಬಿಟ್ಟು ಮಾಡಬ್ಯಾಡ್ರಿ.

ಇನ್ನೊಂದು ಸೋಜಿಗ ಇಲ್ಲೇ ಹೇಳಿಬಿಡತೀನಿ, ಹಾಗಲಕಾಯಿ ಕಹಿ ಗೊತ್ತಾಗೋದು ನಾಲಿಗಿಗೆ ಅಂತ ತಿಳದೀವಿ, ಕಹಿ ಗುರುತಿಸೋ ಗ್ರಾಹಕ, ಅಂದ್ರ ರಿಸೆಪ್ಟರ್, ಮೂಗಿನ ಪೊರಿಯಾಗೂ ಅದಾವ. ಕೆಲವು ಬ್ಯಾಕ್ಟೀರಿಯಾ ತಮ್ಮೊಳಗ ಮಾತಾಡಾಕ ಬಿಡೋ ಕೆಮಿಕಲ್‌ನ ಟಿ2ಆರ್38 ಅನ್ನೋ ಈ ಗ್ರಾಹಕ ಹಿಡಿತೈತಿ, ಹಿಡದ ಕೂಡ್ಲೆ ಜೀವಕೋಶ ನೈಟ್ರಿಕ್ ಆಕ್ಸೈಡ್ ಬಿಡತೈತಿ. ಕಳ್ಳರ ಮಾತು ಕದ್ದು ಕೇಳಿದಂಗ.

ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡಿನ್ಯಾಗ ಕೆಲಸ, ಗಂಧಕದ ಹೊಗಿಗೆ ಮೂಗ ಉರಿತೈತಿ. ಏನು ಮಾಡೋದು?

ಗಂಧಕ ಸುಟ್ರ ಸಲ್ಫರ್ ಡೈಆಕ್ಸೈಡ್ ಬರತೈತಿ, ಅದು ನೀರಾಗ ಲಗೂನ ಕರಗತೈತಿ. ಮೂಗಿನ ಹಸಿ ಪೊರಿ ಅದನ್ನ ಹೀರಕೊಂಡು ಪುಪ್ಪುಸಕ್ಕ ಹೋಗದಂಗ ನೋಡಕೊಳ್ತೈತಿ, ಆದ್ರ ತಾನು ಸುಡತೈತಿ, ಯಾಕಂದ್ರ ಕರಗಿದ ಮ್ಯಾಲ ಅದು ಆಮ್ಲ ಆಗತೈತಿ. ಭಾರ ಎತ್ತುಮುಂದ ಬಾಯಿಲೆ ಉಸಿರಾಡಿದ್ರ ಈ ರಕ್ಷಣಿ ತಪ್ಪಿ ಹೊಗಿ ಸೀದಾ ಕೆಳಗ ಇಳಿತೈತಿ, ದಮ್ಮು ಇದ್ದವ್ರಿಗೆ ಅದು ಅಪಾಯ. ಹೊಗಿ ಕೊಟ್ಟ ಕ್ವಾಣಿ ಬಾಗಲಾ ತಗದು ಪೂರಾ ಗಾಳಿ ಆಡಿದ ಮ್ಯಾಲನಾ ಒಳಗ ಹೋಗ್ರಿ. ಬಟ್ಟಿ ಮಾಸ್ಕು ಈ ಗಾಳಿಗೆ ಏನೂ ಮಾಡಂಗಿಲ್ಲ, ಆಮ್ಲದ ಗಾಳಿ ತಡಿಯೋ ಡಬ್ಬಿ ಇರೋ ಮಾಸ್ಕು ಬ್ಯಾರೆನಾ ಬರತೈತಿ, ಮಾಲಕರಿಗೆ ಕೇಳ್ರಿ, ಕೇಳೋದು ನಿಮ್ಮ ಹಕ್ಕು.

ಥಂಡಿ ದಿನದಾಗನ ನೆಗಡಿ ಯಾಕ ಹೆಚ್ಚು?

ಥಂಡಿ ತಾನಾ ನೆಗಡಿ ತರಂಗಿಲ್ಲ, ವೈರಸ್ ಬೇಕಾ ಬೇಕು. ಆದ್ರ ವೈರಸ್ ಹೊಕ್ಕಾಗ ಜೀವಕೋಶ ಇಂಟರ್‌ಫೆರಾನ್ ಅನ್ನೋ ಕೆಮಿಕಲ್ ಬಿಟ್ಟು ಬಾಜೂದವುಗಳನ್ನ ಎಚ್ಚರಸತೈತಿ, 1957ರಾಗ ಐಸಾಕ್ಸ್, ಲಿಂಡೆನ್‌ಮನ್ ಅನ್ನೋರು ಪತ್ತೆ ಮಾಡಿದ್ದಿದು. 2015ರಾಗ ಅಮೆರಿಕಾದ ಯೇಲ್‌ದವರು ಇಲಿಯ ಜೀವಕೋಶದಾಗ ನೋಡಿದ್ರ, 37 ಡಿಗ್ರಿದಾಗ ಜೋರಿದ್ದ ಈ ಎಚ್ಚರಿಕಿ 33 ಡಿಗ್ರಿದಾಗ ಮಂದ ಆಗಿತ್ತು, ನೆಗಡಿ ವೈರಸ್ ಚಲೋ ಬೆಳದಿತ್ತು. ಮೂಗಿನ ಒಳಗ ಇರೋ ಉಷ್ಣತಾಮಾನ ಹೆಚ್ಚುಕಡಿಮಿ ಆ 33 ಡಿಗ್ರಿನಾ. ಹಿಂಗಾಗಿ ನಮ್ಮ ಅಜ್ಜಿ ಮುಂಜಾನೆ ಮೂಗ, ಕಿವಿ ಮುಚ್ಚಿ ಮಫ್ಲರ್ ಸುತ್ತತಿದ್ದಿದ್ದು ತಪ್ಪಲ್ಲ ಅನ್ನಿಸತೈತಿ ನನಗ.

ನೇತಿ ಮಾಡಿ ಮೂಗ ತೊಳಕೊಂಡ್ರ ಈ ಒಳ್ಳೇ ಕೆಮಿಕಲ್ಲೂ ಹೋಗಿಬಿಡತಾವಲ್ಲ?

ಹೋಗತಾವ, ಆದ್ರ ಗ್ರಂಥಿ ತಿರುಗಿ ತಯಾರು ಮಾಡತಾವ. ಧೂಳ, ಪರಾಗ, ಹಿಸ್ಟಮಿನ್ ಇರೋ ಹಳೇ ಸುಂಬಳ ಹೋಗೋ ಲಾಭ ದೊಡ್ಡದು. ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದಾಜು ಒಂದೂವರೆ ಟೀ ಚಮಚ. ಬರೇ ನೀರು ಹಾಕಿದ್ರ ಪೊರಿ ಉರಿತೈತಿ. ನೀರು ಮಾತ್ರ ಕುದಿಸಿ ಆರಿಸಿದ್ದಾ ಇರಬೇಕು, ಬೋರ್ ನೀರು, ಕೆನಾಲ್ ನೀರು, ನಳದ ನೀರು ಹಂಗಾ ಹಾಕಬ್ಯಾಡ್ರಿ. ನಿಗ್ಲೇರಿಯಾ ಅನ್ನೋ ಅಮೀಬಾ ನೀರಿನ ಜೋಡಿ ಮೂಗಿಗೆ ಹೋದ್ರ ವಾಸನಿ ನರ ಹಿಡದು ಮಿದುಳಿಗೆ ಏರತೈತಿ, ಅಪರೂಪ, ಆದ್ರ ಬಂದ್ರ ಉಳಿಯೋದು ಭಾಳ ಕಷ್ಟ.

ಯಾವಾಗ ಅಂಗಡಿ ಬಿಟ್ಟು ದವಾಖಾನಿಗೆ ಹೋಗಬೇಕು?

ಕಣ್ಣಿನ ಸುತ್ತ ಬಾವು ಬಂದ್ರ, ಕಣ್ಣು ಮಂಜಾದ್ರ, ತಲಿನೋವು ಜೋಡಿ ಕುತ್ತಿಗಿ ಬಿಗದ್ರ ಅವತ್ತಾ ಹೋಗ್ರಿ. ಕೂಸಿನ ಒಂದಾ ಹೊಳ್ಳ್ಯಾಗಿಂದ ನಾರೋ ಸುಂಬಳ ಬಂದ್ರ ಒಳಗ ಶೇಂಗಾನೋ ಕಡ್ಲಿಕಾಳೋ ಸಿಕ್ಕಿರಬಹುದು, ನೀವಾ ಪಿನ್ನಿಲೆ ತಗಿಯಾಕ ಹೋಗಬ್ಯಾಡ್ರಿ, ಇನ್ನೂ ಒಳಗ ಹೋಗತೈತಿ. ಬಟನ್ ಸೆಲ್ (ಗುಂಡಿಯಂಥಾ ಸಣ್ಣ ಬ್ಯಾಟರಿ) ಹಾಕಿಕೊಂಡೈತಿ ಅಂತ ಸಂಶಯ ಬಂದ್ರೂ ಒಂದು ತಾಸೂ ತಡ ಮಾಡಬ್ಯಾಡ್ರಿ, ಅದು ಪೊರಿನ ಸುಟ್ಟುಬಿಡತೈತಿ. ತಲಿಗೆ ಪೆಟ್ಟು ಬಿದ್ದ ಮ್ಯಾಲ ಬಗ್ಗಿದಾಗೊಮ್ಮೆ ಒಂದಾ ಹೊಳ್ಳಿಲೆ ತಿಳಿನೀರು ಹನಿಯಾಕತ್ರ ಅದು ನೆಗಡಿ ಇರಲಿಕ್ಕಿಲ್ಲ, ಮಿದುಳಿನ ಸುತ್ತಲಿನ ನೀರಿರಬಹುದು. ಅಂಥವರು ನೆಗಡಿ ಗುಳಿಗಿ ಕೇಳಿದ್ರ ನಾ ಕೊಡಂಗಿಲ್ಲ, ಗಾಡಿ ಹತ್ತಸತೀನಿ.